ಕಪ್ಪು ಐದು ಎಂಬುದು ಹೆಸರಲ್ಲ

ಕಳೆದ ಭಾನುವಾರ ಸಂಜೆ ಮೂಡುಬಿದಿರೆಯ ಸಭಾಂಗಣವೊಂದರಲ್ಲಿ ದೀಪಗಳು ಆರಿದವು. ಮೂರು ಗೋಡೆಗಳ ಮೇಲೂ ಐದೈದು ಕಪ್ಪು ವೃತ್ತಗಳು ಮೂಡಿ ನಿಧಾನವಾಗಿ ತಿರುಗತೊಡಗಿದವು. ತುಂಬಿದ ಸಭೆ ಉಸಿರು ಬಿಗಿಹಿಡಿದು ನೋಡುತ್ತಿತ್ತು.

ನನ್ನ ಪಕ್ಕದಲ್ಲಿ ಕುಳಿತಿದ್ದ ಲೀಲಕ್ಕ ಕಿವಿಯ ಬಳಿ ಬಾಗಿ ಕೇಳಿದರು: "ಇದೆಂತ ಟೀಚರ್, ದೋಸೆ ಕರಟಿದ್ದಾ?"

ನನಗೆ ನಗು ಬರಲಿಲ್ಲ. ಆ ವೃತ್ತಗಳು ಲೀಲಕ್ಕನ ಗುರುತಾಗಿದ್ದವು. ಅದು ಅವರಿಗೆ ತಿಳಿದಿರಲಿಲ್ಲ.

ಆಮೇಲೆ ಹಳೆಯ ಟೇಪಿನಿಂದ ಅವರದೇ ಧ್ವನಿ ಕೇಳಿಸಿತು. ಹರೆಯದ ಧ್ವನಿ. ಭತ್ತದ ನೇಜಿ ನೆಡುವಾಗ ಹೇಳುವ ಓಬೇಲೆ ಹಾಡಿನ ಒಂದೇ ಒಂದು ಎಳೆ. ಅದರ ಸುತ್ತ ಯಂತ್ರದ ಗುಂಯ್‌ಗುಡುವಿಕೆ, ಬಾವಿಯೊಳಗಿನ ನೀರಿನ ಸದ್ದು, ವೇದಿಕೆಯ ಮೇಲೆ ಚೆಂಡೆಯೂ ಲ್ಯಾಪ್‌ಟಾಪುಗಳೂ. ಲೀಲಕ್ಕ ಕಣ್ಣು ಮುಚ್ಚಿಕೊಂಡರು.

ಅವರ ಪೂರ್ಣ ಹೆಸರು ಲೀಲಾವತಿ. ಬಂಟ್ವಾಳದ ಪಕ್ಕದ ನರಿಕೊಂಬಿನವರು. ಈ ಬರಹದಲ್ಲಿ ಬೇರೇನನ್ನು ಮರೆತರೂ ಇದನ್ನು ನೆನಪಿಟ್ಟುಕೊಳ್ಳಿ ಎಂದು ಓದುಗರಲ್ಲಿ ವಿನಂತಿ.

ಕಾರ್ಯಕ್ರಮ ನಡೆದದ್ದು ಪದ್ಮರಾಜ ಮಾಸ್ಟ್ರ ಗೌರವಾರ್ಥ. ಬೆಳ್ತಂಗಡಿ ಕಡೆಯ ವಿಜ್ಞಾನ ಶಿಕ್ಷಕರು, ಈಗಿಲ್ಲ. ಸಿಂಥಸೈಸರ್ ಎಂಬ ಪದವೇ ನಮ್ಮ ತಾಲೂಕಿಗೆ ತಲುಪದಿದ್ದ ಕಾಲದಲ್ಲಿ, ಹಾಳಾದ ರೇಡಿಯೋಗಳ ಒಡಲನ್ನು ಬಗೆದು ನಾದ ಹೊರಡಿಸುವ ಯಂತ್ರವನ್ನು ತಾವೇ ಕಟ್ಟಿಕೊಂಡವರು. ಟೇಪನ್ನು ಬ್ಲೇಡಿನಿಂದ ಕತ್ತರಿಸಿ, ಅಂಟಿಸಿ, ಯಾರೂ ಕೇಳಿರದ ಸಂಗೀತ ರಚಿಸಿದವರು. ಬಾವಿಗೆ ಮೈಕ್ ಇಳಿಬಿಟ್ಟು, ನೆರೆಹೊರೆಯವರು ಕೊಡ ಹಿಡಿದುಕೊಂಡು ಕಾಯುವಂತೆ ಮಾಡಿದವರು. ಮದುವೆಮನೆಯಲ್ಲಿ ಊಟ ಬಿಟ್ಟು ಜನರೇಟರಿನ ಶ್ರುತಿ ಹುಡುಕುತ್ತ ಕುಳಿತವರು.

ಊರು ಅವರನ್ನು 'ಮರ್ಲು ಮಾಸ್ಟ್ರು' ಎಂದು ಕರೆಯಿತು. ತುಳುವಿನಲ್ಲಿ ಮರ್ಲು ಎಂದರೆ ಹುಚ್ಚು. ಅದೇ ಊರು ಈಗ ಅವರ ಭಾವಚಿತ್ರಕ್ಕೆ ಮಲ್ಲಿಗೆ ಮಾಲೆ ಹಾಕಿ 'ಎಲೆಕ್ಟ್ರಾನಿಕ್ ಸಂಗೀತದ ಹರಿಕಾರ' ಎನ್ನುತ್ತಿದೆ. ಹುಚ್ಚನೆಂದವರಲ್ಲಿ ಯಾರಾದರೂ ವೇದಿಕೆಯ ಮೇಲೆ ಕ್ಷಮೆ ಕೇಳಿದರೇ? ಇಲ್ಲ. ಮಾಲೆ ಹಾಕುವುದು ಕ್ಷಮೆ ಕೇಳುವುದಕ್ಕಿಂತ ಸುಲಭ.

ಮಾಸ್ಟ್ರಿಗೆ ಇನ್ನೊಂದು ವಿಚಿತ್ರ ಅಭ್ಯಾಸವಿತ್ತು. ಅವರು ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಶ್ರುತಿ ಹಿಡಿದು ಕರೆಯುತ್ತಿದ್ದರು. ಹಾರ್ಮೋನಿಯಂನ ಬಿಳಿ, ಕಪ್ಪು ಕೀಗಳನ್ನು ಎಣಿಸಿ ಶ್ರುತಿ ಹೇಳುವುದು ಯಕ್ಷಗಾನದ ನಾಡಾದ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಕ್ರಮ. ಈ ಭಾಗವತರು ಬಿಳಿ ಎರಡು, ಆ ಭಾಗವತರು ಕಪ್ಪು ಮೂರು, ಹೀಗೆ. ಮಾಸ್ಟ್ರು ಮನುಷ್ಯರ ಮಾತು ಕೇಳಿಯೇ ಶ್ರುತಿ ಗುರುತಿಸಿ ಅದನ್ನೇ ಹೆಸರಾಗಿಸುತ್ತಿದ್ದರು. ಪೋಸ್ಟ್‌ಮ್ಯಾನ್ ಬಿಳಿ ಒಂದು. ಚೆಂಡೆ ಬಾರಿಸುವವರು ಕಪ್ಪು ಎರಡು. ಶಾಲೆಯ ಮುಖ್ಯೋಪಾಧ್ಯಾಯರನ್ನು ಮಾತ್ರ 'ಎರಡು ಕೀಗಳ ಸಂದಿಯವರು' ಎನ್ನುತ್ತಿದ್ದರಂತೆ. (ಮಾಸ್ಟ್ರಿಗೆ ಪದೇ ಪದೇ ವರ್ಗಾವಣೆಯಾದುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.)

ಗದ್ದೆಯಲ್ಲಿ ನೇಜಿ ನೆಡುತ್ತ ಹಾಡುತ್ತಿದ್ದ ಲೀಲಾವತಿ, ಕಪ್ಪು ಐದು.

ಬೆಂಗಳೂರಿನಿಂದ ಬಂದ ಕಾರ್ಯಕ್ರಮದ ನಿರ್ದೇಶಕರಿಗೆ ಈ ಲೆಕ್ಕಾಚಾರ ಗೊತ್ತಿರಲಿಲ್ಲ. ಟೇಪಿನ ಮೇಲೆ 'ಕಪ್ಪು ಐದು' ಎಂದು ಬರೆದಿದ್ದನ್ನು ಓದಿದರು. ಕಪ್ಪು ಎಂದರೆ ಕತ್ತಲೆ, ಐದು ಎಂದರೆ ಪಂಚಭೂತ ಎಂದು ಅರ್ಥ ಮಾಡಿಕೊಂಡರು. ಐದು ವೃತ್ತಗಳನ್ನು ಬರೆಸಿದರು. ಆಮಂತ್ರಣ ಪತ್ರಿಕೆಯಲ್ಲಿ ಇದರ ಕುರಿತು ಒಂದು ಪ್ಯಾರಾವೇ ಇತ್ತು. ಸಮಿತಿಯಲ್ಲಿದ್ದ ನಮ್ಮವರು ತಿದ್ದಬೇಕಿತ್ತು. ಬೆಂಗಳೂರಿನವರು ಹೇಳಿದ ಮೇಲೆ ಸರಿಯೇ ಇರಬೇಕೆಂದು ಸುಮ್ಮನಾದರು!

ಈ ತಪ್ಪನ್ನು ನಾನು ಕ್ಷಮಿಸಬಲ್ಲೆ. ತಿಳಿಯದೆ ಆದದ್ದು. ತಿಳಿದೂ ಆದ ತಪ್ಪು ಪೋಸ್ಟರಿನಲ್ಲಿತ್ತು.

ಟೇಪುಗಳಲ್ಲಿ ಕೇಳಿಸುವ ಎಲ್ಲರಿಗೂ ಅಲ್ಲಿ ಕೃತಜ್ಞತೆ ಸಲ್ಲಿಸಲಾಗಿತ್ತು. ಬಿಳಿ ಒಂದು, ಕಪ್ಪು ಎರಡು ಎಂದು ಮಾಸ್ಟ್ರು ಕರೆಯುತ್ತಿದ್ದ ಗಂಡಸರೆಲ್ಲ ಪೋಸ್ಟರಿನಲ್ಲಿ ಮತ್ತೆ ಹೆಸರುಳ್ಳ ಮನುಷ್ಯರಾಗಿದ್ದರು. ಕುಟುಂಬದವರನ್ನು ವಿಚಾರಿಸಿ, ಇನಿಶಿಯಲ್ ಸಮೇತ ಅಚ್ಚು ಹಾಕಿಸಿದ್ದರು. ಕೊನೆಯ ಸಾಲು ಹೀಗಿತ್ತು: 'ಧ್ವನಿ: ಕಪ್ಪು ಐದು (ಓರ್ವ ಗ್ರಾಮೀಣ ಮಹಿಳೆ)'.

ಓರ್ವ ಗ್ರಾಮೀಣ ಮಹಿಳೆ! ನಮ್ಮ ನಾಡಿನ ಇತಿಹಾಸದಲ್ಲಿ ಎಷ್ಟೊಂದು ಕೆಲಸಗಳನ್ನು ಈ ಓರ್ವ ಗ್ರಾಮೀಣ ಮಹಿಳೆಯೊಬ್ಬಳೇ ಮಾಡಿ ಮುಗಿಸಿದ್ದಾಳೆ ಎಂದು ನೀವೂ ಗಮನಿಸಿರಬಹುದು.

ನಾನು ಆ ಪೋಸ್ಟರ್ ಹಿಡಿದುಕೊಂಡು ನರಿಕೊಂಬಿಗೆ ಹೋದೆ. ಬೀಡಿ ಕಾರ್ಮಿಕರ ಹೋರಾಟದ ದಿನಗಳಿಂದ ಲೀಲಕ್ಕ ನನಗೆ ಪರಿಚಿತರು. ಆಗ ಅವರ ಹಾಡು ಕೇಳಿದ್ದರಿಂದ ಟೇಪಿನ ಧ್ವನಿ ಅವರದೆಂದು ನನಗೆ ಗೊತ್ತಾಗಿತ್ತು. ಅವರು ಈಗ ಮಾತಾಡಿದರೆ ಒಣ ತೆಂಗಿನ ಗರಿಯನ್ನು ಅಂಗಳದಲ್ಲಿ ಎಳೆದ ಹಾಗೆ ಕೇಳುತ್ತದೆ. ಕೆಲವು ವರ್ಷಗಳ ಹಿಂದೆ ಗಂಟಲಿನ ಆಪರೇಷನ್ ಆಯಿತು. ಅನಂತರ ಧ್ವನಿ ಮರಳಿ ಬರಲಿಲ್ಲ. ಬದುಕಿಡೀ ಮೂಗಿಗೇರಿದ ಹೊಗೆಸೊಪ್ಪಿನ ಧೂಳು ಇದಕ್ಕೆ ಕಾರಣವೇ ಎಂದು ಕೇಳಿದರೆ, ಹಾಗೆ ಖಚಿತವಾಗಿ ಹೇಳಲಾಗದು ಎಂದರಂತೆ ಡಾಕ್ಟರು. ಖಚಿತವಾಗಿ ಹೇಳಲಾಗದ ಕಾರಣಗಳಿಂದಲೇ ಬೀಡಿ ಕಟ್ಟುವ ಹೆಂಗಸರು ಕಾಯಿಲೆ ಬೀಳುತ್ತಾರೆ.

ಅವರ ಕಷ್ಟ ಇಷ್ಟೇ. ಆ ಹಾಡು ತನ್ನದೆಂದರೆ ಮನೆಯಲ್ಲೇ ಯಾರೂ ನಂಬುವುದಿಲ್ಲ. ಹಾಡಿ ತೋರಿಸೋಣವೆಂದರೆ ಗಂಟಲಿಲ್ಲ. ನಾನು ಮೊಬೈಲಿನಲ್ಲಿ ಹಾಡು ಕೇಳಿಸಿದಾಗ ಅವರ ತಮ್ಮನ ಹೆಂಡತಿ ಸುಮತಿ ಕಡೆಗಣ್ಣಿನಲ್ಲಿ ನೋಡಿ, "ಇದು ನೀವಾದ್ರೆ ನಾನು ಲತಾ ಮಂಗೇಶ್ಕರ್" ಎಂದು ಒಳಗೆ ಹೋದರು. ತಮಾಷೆಯೇ. ಲೀಲಕ್ಕನೂ ನಕ್ಕರು. ನಕ್ಕು ಮುಗಿದ ಮೇಲೆ ಹೇಳಿದರು (ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ): "ಒಮ್ಮೆ ನನ್ನ ಹೆಸರು ಅಲ್ಲಿ ಬಂದ್ರೆ ಸಾಕು ಟೀಚರ್. ಮತ್ತೆಂತ ಬೇಡ."

ಅಂದು ರೆಕಾರ್ಡ್ ಮಾಡುವ ಮೊದಲು ಮಾಸ್ಟ್ರು ನಿಮ್ಮ ಒಪ್ಪಿಗೆ ಕೇಳಿದ್ದರೇ ಎಂದೆ.

"ಗದ್ದೆಯ ಧಣಿಗಳ ಹತ್ತಿರ ಕೇಳಿದ್ರು."

"ಹಾಡಿದ್ದು ನೀವಲ್ಲವೇ?"

"ಗದ್ದೆ ಅವರದ್ದು ಅಲ್ವಾ?"

"ಬಾಯಿ?"

"ಅದನ್ನು ಆಗ ಯಾರೂ ಕೇಳ್ಲಿಲ್ಲ" ಎಂದರು ಲೀಲಕ್ಕ.

ಪದ್ಮರಾಜ ಮಾಸ್ಟ್ರ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ಇದನ್ನು ಹೇಳದಿದ್ದರೆ ಆ ಗೌರವಕ್ಕೆ ಬೆಲೆಯಿರದು. ಅವರು ಧ್ವನಿಯನ್ನು ಕೇಳಿದರು. ಧ್ವನಿಯ ಒಡತಿಯನ್ನು ಕೇಳಲಿಲ್ಲ.

ಬೆಳ್ತಂಗಡಿಯಲ್ಲಿ ಸಮಿತಿಯ ಅಧ್ಯಕ್ಷರನ್ನೂ ನಿರ್ದೇಶಕರನ್ನೂ ಭೇಟಿಯಾದೆ. ನಿರ್ದೇಶಕರು ಸಭ್ಯ ತರುಣರು. ಸ್ಕ್ರೀನಿನ ಫೈಲುಗಳೆಲ್ಲ ಸಿದ್ಧವಾಗಿವೆ, ಬದಲಿಸಲು ಸಮಯವಿಲ್ಲ ಎಂದರು. ಒಂದು ಹೆಸರು ಸೇರಿಸಲು ಎಷ್ಟು ಸಮಯ ಬೇಕು ಎಂದಾಗ ನಿಜವಾದ ಕಾರಣ ಹೊರಬಂತು. "ಮೇಡಂ, ಅವರು ಯಾರು ಅಂತ ಗೊತ್ತಿಲ್ದೇ ಇರೋದೇ ಇದರ ಬ್ಯೂಟಿ. ಹೆಸರು ಹಾಕಿದ್ರೆ ಆ ಧ್ವನಿ ಚಿಕ್ಕದಾಗ್ಬಿಡತ್ತೆ."

"ನಿಮ್ಮ ಹೆಸರು ಪೋಸ್ಟರಿನಲ್ಲಿ ಎರಡು ಕಡೆ ಇದೆ. ನೀವು ಚಿಕ್ಕವರಾದಿರೇ?"

ಅಧ್ಯಕ್ಷರು ನಡುವೆ ಬಂದರು. ನಿವೃತ್ತ ಪ್ರಾಂಶುಪಾಲರು, ಜಗಳ ಬಿಡಿಸುವುದರಲ್ಲಿ ಪಳಗಿದವರು. "ಗಲಾಟೆ ಬೇಡ ಮಾರಾಯ್ರೆ. ಅವರನ್ನು ವೇದಿಕೆಗೇ ಕರೆಯುವ. ಶಾಲು ಹೊದಿಸುವ. ಹೆಸರನ್ನು ನಾನೇ ಹೇಳ್ತೇನೆ, ಆಯ್ತಲ್ಲ?"

ಆಯಿತು ಎಂದೆ. ಲೀಲಕ್ಕನಿಗೂ ಹೇಳಿದೆ. ಅವರು ಹೊಸ ಸೀರೆಗೆ ಫಾಲ್ಸ್ ಹಾಕಿಸಿದರು.

ಹೀಗೆ ನಾವು ಮೂಡುಬಿದಿರೆಯ ಆ ಸಭಾಂಗಣದ ಮೊದಲ ಸಾಲಿನಲ್ಲಿದ್ದೆವು. (ಮೊದಲ ಸಾಲು ಪ್ರಾಯೋಜಕರಿಗೆ ಮೀಸಲು ಎಂದು ಎಬ್ಬಿಸಲು ಬಂದರು. ಏಳಲಿಲ್ಲ. ಮಹಿಳೆಯರ ಶೌಚಾಲಯಕ್ಕೆ ಬೀಗ ಹಾಕಿತ್ತು, ಕೀಲಿಕೈ ಯಾರ ಬಳಿಯಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಇದನ್ನೂ ದಾಖಲಿಸಬೇಕು.) ಕಾರ್ಯಕ್ರಮ ಅದ್ಭುತವಾಗಿತ್ತೆಂದು ಒಪ್ಪಲೇಬೇಕು. ಬಾವಿಯ ತಳದಿಂದ ಎದ್ದ ಒಂದು ನೀರ್ಗುಳ್ಳೆ ಒಡೆದ ಸದ್ದನ್ನು ಸಭೆಯ ಕೊನೆಯ ಸಾಲಿನವರೆಗೂ ಮುಟ್ಟಿಸಿದರು. ಅಷ್ಟು ಸೂಕ್ಷ್ಮವಾದ ಧ್ವನಿವ್ಯವಸ್ಥೆಯನ್ನು ನಾನು ಈ ಭಾಗದಲ್ಲಿ ಕಂಡಿರಲಿಲ್ಲ.

ಕೊನೆಯಲ್ಲಿ ಅಧ್ಯಕ್ಷರು ಮೈಕ್ ಹಿಡಿದರು. "ಈಗ ನಾವೆಲ್ಲ ಕಾಯುತ್ತಿದ್ದ ಕ್ಷಣ. ಈ ಧ್ವನಿಯ ಒಡತಿ, ನಮ್ಮೆಲ್ಲರ ಪ್ರೀತಿಯ ಕಪ್ಪು ಐದು, ವೇದಿಕೆಗೆ ಬರಬೇಕು."

ಮರೆತರೋ? ಆ ಕ್ಷಣದಲ್ಲಿ ಹಾಗೆ ಹೇಳುವುದೇ ಚೆಂದವೆನಿಸಿತೋ? ಎರಡರ ಫಲ ಒಂದೇ.

ಲೀಲಕ್ಕ ಸೆರಗು ಸರಿಮಾಡಿಕೊಂಡು ಮೆಟ್ಟಿಲು ಹತ್ತಿದರು. ಶಾಲು, ಹಣ್ಣು, ಸ್ಮರಣಿಕೆ. ಸ್ಮರಣಿಕೆಯ ಮೇಲೂ ಐದು ವೃತ್ತಗಳು. ಅಧ್ಯಕ್ಷರು ಎರಡು ಮಾತು ಎಂದು ಮೈಕನ್ನು ಅವರ ಮುಂದೆ ಹಿಡಿದರು.

ಲೀಲಕ್ಕ ಮಾತಾಡಿದರು. ವೇದಿಕೆಯ ಕೆಳಗೇ ಕುಳಿತಿದ್ದ ನನಗೆ ಸ್ಪಷ್ಟವಾಗಿ ಕೇಳಿಸಿತು.

"ಎನ್ನ ಪುದರ್ ಲೀಲಾವತಿ. ಪದ ಪಂಡಿನಿ ಯಾನ್."

ನನ್ನ ಹೆಸರು ಲೀಲಾವತಿ, ಹಾಡಿದವಳು ನಾನು. ಆದರೆ ಸ್ಪೀಕರುಗಳಿಂದ ಹೊರಬಿದ್ದದ್ದು ಬರಿಯ ಗರಗರ. ಧ್ವನಿವ್ಯವಸ್ಥೆಯವರು ಅದನ್ನು ಮೈಕಿನ ದೋಷವೆಂದು ಭಾವಿಸಿದರು. ಸದ್ದನ್ನು ತಗ್ಗಿಸಿದರು.

ಲೀಲಕ್ಕನ ತುಟಿಗಳು ಇನ್ನೊಮ್ಮೆ ಅದೇ ಮಾತಿಗೆ ಅಲುಗಿದವು. ಅಧ್ಯಕ್ಷರು ಮೈಕನ್ನು ತಮ್ಮತ್ತ ಎಳೆದುಕೊಂಡು, ತುಂಬುಪ್ರೀತಿಯಿಂದಲೇ ಹೇಳಿದರು: "ಭಾವುಕರಾಗಿದ್ದಾರೆ. ಮಾತೇ ಹೊರಡ್ತಾ ಇಲ್ಲ ನೋಡಿ."

ನಾನು ಎದ್ದು ನಿಂತು ಲೀಲಾವತಿ ಎಂದು ಕೂಗಿದೆ. ಹಿಂದಿನ ಸಾಲಿನವರೂ ಎದ್ದರು, ಅವರ ಹಿಂದಿನವರೂ ಎದ್ದರು. ಇಡೀ ಸಭೆ ನಿಂತು ಚಪ್ಪಾಳೆ ತಟ್ಟುತ್ತ ಗೌರವ ಸಲ್ಲಿಸಿತು. ನನ್ನ ಪ್ರತಿಭಟನೆಯೂ ಆ ಸಂಭ್ರಮದಲ್ಲಿ ಒಂದು ಸದ್ದಾಗಿ ಸೇರಿಹೋಯಿತು.

ಹಿಂದಿರುಗುವಾಗ ಕಾರಿನಲ್ಲಿ ಲೀಲಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದರು. ಬಂಟ್ವಾಳ ದಾಟಿ ನರಿಕೊಂಬಿನ ಮನೆಯ ಮುಂದೆ ಇಳಿದಾಗ ಸುಮತಿ ಅಂಗಳಕ್ಕೆ ಬಂದು ಶಾಲನ್ನು ಮುಟ್ಟಿ ನೋಡಿದರು. ಈ ಬಾರಿ ತಮಾಷೆ ಮಾಡಲಿಲ್ಲ.

"ಹೆಸರು ಹೇಳಿದ್ರಾ ಅಕ್ಕ?"

"ನಾನೇ ಹೇಳಿದೆ" ಎಂದರು ಲೀಲಕ್ಕ.

ಹೇಳಿದ್ದು ನಿಜ, ಕೇಳಬೇಕಾದವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು.