ಅವಳ ರ‍್ಯಾಂಕು, ನನ್ನ ಶಿಫಾರಸು ಪತ್ರ

ಮೂಡಿಗೆರೆ ಕಡೆಯ ಒಂದು ಸಣ್ಣ ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ನರ್ಸ್ ಆಗಿ ನನಗೆ ಇಪ್ಪತ್ತು ವರ್ಷಕ್ಕೂ ಮೇಲಾಯಿತು. ತೋಟದ ಸೀಮೆಯಲ್ಲಿ ಗಾಯಗಳಿಗೆ ಬರವಿಲ್ಲ. ಕಾಫಿಗೆ ಬಿಸಿಲು ಬೀಳಲೆಂದು ಕೊಂಬೆ ಕಡಿಯುವ ಮರಗಸಿ ಮಾಡುವಾಗ ಸಿಲ್ವರ್ ಮರದಿಂದ ಬಿದ್ದವರು, ಹಂದಿ ತಿವಿದವರು, ಆನೆ ಎಸೆದವರು, ಜೀಪು ಮಗುಚಿದವರು ಬರುತ್ತಾರೆ. ಅದಕ್ಕೆಲ್ಲ ನಾನು ಹೆದರಿದವಳಲ್ಲ. ಮನುಷ್ಯರು ಮನುಷ್ಯರಿಗೆ ಮಾಡಿದ ಗಾಯಕ್ಕೆ ಮಾತ್ರ ಹೆದರುತ್ತೇನೆ, ಈಗಲೂ.

ಅವತ್ತು ಭಾನುವಾರ ಮಧ್ಯಾಹ್ನ. ಬಾಳೂರು ಕಡೆಯ ಒಂದು ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಲ್ಲಿ ನಲ್ಲಿ ನೀರಿಗೆ ಜಗಳವಾಗಿ ಒಬ್ಬ ಇನ್ನೊಬ್ಬನ ತೊಡೆಗೆ ಕತ್ತಿ ಬೀಸಿದ್ದ. ಜೀಪಿನಲ್ಲಿ ಹತ್ತು ಜನ ಅವನನ್ನು ಹೊತ್ತು ತಂದರು. ಪ್ಯಾಂಟು, ಜೀಪಿನ ಸೀಟು, ನಮ್ಮ ಬಾಗಿಲ ಕಾಲೊರೆಸು ಎಲ್ಲ ಒಂದೇ ಬಣ್ಣ. ಡಾಕ್ಟರು ಮೇಲಿನ ಮಹಡಿಯಲ್ಲಿ ಒಂದು ಸಿಸೇರಿಯನ್ ಮಧ್ಯದಲ್ಲಿದ್ದರು. ನಾನು ಹತ್ತಿಯ ಡಬ್ಬಕ್ಕೆ ಕೈ ಹಾಕುವಷ್ಟರಲ್ಲಿ ಗಾಯಾಳುವಿನ ತಮ್ಮ ನನ್ನ ಕುತ್ತಿಗೆ ಹಿಡಿದು ಔಷಧಿ ಬೀರುವಿಗೆ ಒತ್ತಿದ.

"ಡಾಕ್ಟ್ರೆಲ್ಲಿ? ನಮ್ಮಣ್ಣ ಸತ್ರೆ ನಿನ್ನನ್ನೂ ಇಲ್ಲೇ ಮುಗಿಸ್ತೀನಿ!"

ಅವನ ಬಾಯಿಂದ ಹೆಂಡದ ವಾಸನೆ. ತಲೆ ಗಾಜಿಗೆ ಬಡಿಯಿತು, ಗಾಜು ಒಡೆಯಿತು. ಉಳಿದವರು ಸ್ಟೂಲು ಎತ್ತಿ ಕಿಟಕಿಗೆ ಎಸೆಯುತ್ತಿದ್ದರು. ನೆಲದ ಮೇಲೆ ಆ ಮನುಷ್ಯನ ತೊಡೆಯಿಂದ ರಕ್ತ ಚಿಮ್ಮಿ ಚಿಮ್ಮಿ ಬರುತ್ತಿದ್ದುದು ನನಗೆ ಕಾಣುತ್ತಿತ್ತು. ಕೈ ಮಾತ್ರ ಹೋಗುತ್ತಿರಲಿಲ್ಲ.

ಆಗ ನೆಲ ಒರೆಸುವ ಹುಡುಗಿ ಕೋಲನ್ನು ಬಿಸಾಡಿ ಅವನ ಪಕ್ಕ ಮಂಡಿಯೂರಿದಳು. ಗುತ್ತಿಗೆ ಕೆಲಸಕ್ಕೆ ಬಂದು ಆರು ತಿಂಗಳಾಗಿತ್ತು ಅವಳಿಗೆ, ಇಪ್ಪತ್ತು ತುಂಬಿರಲಿಲ್ಲ. ತೊಡೆಸಂದಿಗೆ ಮುಷ್ಟಿ ಇಟ್ಟು ಇಡೀ ಮೈಯ ಭಾರ ಹಾಕಿ ಒತ್ತಿದಳು. ಚಿಮ್ಮುವುದು ನಿಂತಿತು. ಆಮೇಲೆ ತಲೆ ಎತ್ತಿ, ನನ್ನ ಕುತ್ತಿಗೆ ಹಿಡಿದವನಿಗೆ ಹೇಳಿದಳು:

"ನಿಮ್ಮಣ್ಣ ಬೇಕಾ? ಹಾಗಾದ್ರೆ ಆ ಸಿಸ್ಟರನ್ನ ಬಿಡಿ. ನಾನೀಗ ಕೈ ತೆಗೆದ್ರೆ ಇವ್ರು ಸತ್ರು."

ಅವನು ಬಿಟ್ಟ. ಡಾಕ್ಟರು ಇಳಿದು ಬರುವವರೆಗೆ ಅವಳು ಕೈ ತೆಗೆಯಲಿಲ್ಲ. ಆ ಮನುಷ್ಯ ಉಳಿದ, ಈಗಲೂ ಕುಂಟುತ್ತಾ ಅದೇ ತೋಟಕ್ಕೆ ಕೆಲಸಕ್ಕೆ ಹೋಗುತ್ತಾನೆ. ನನ್ನ ತಲೆಗೆ ನಾಲ್ಕು ಹೊಲಿಗೆ ಬಿತ್ತು.

"ಯಾರು ಕಲಿಸಿದ್ದು ನಿನಗೆ?" ಅಂದೆ ಮರುದಿನ.

"ಹೋದ ತಿಂಗಳು ನೀವು ಹಂಗೇ ಒತ್ತಿದ್ರಲ್ಲ ಸಿಸ್ಟರ್, ಆ ಮೇಸ್ತ್ರಿಗೆ. ನಾನು ಬಾಗಿಲಲ್ಲಿದ್ದೆ."

ಅವಳು ಪಿಯುಸಿ ಸೈನ್ಸ್ ಮುಗಿಸಿದ್ದಳು ಅಂತ ನನಗೆ ಗೊತ್ತಾದದ್ದೇ ಆಗ. ಅಪ್ಪ ಮರಗಸಿ ಮಾಡುವವನು, ಅಮ್ಮ ಕಾಫಿ ಹಣ್ಣು ಕೊಯ್ಯುವವಳು. ಮನೆ ಎಸ್ಟೇಟಿನ ಲೈನಿನಲ್ಲಿ. ಪಿಯುಸಿ ಆದ ವರ್ಷವೇ ಬಿಎಸ್ಸಿ ನರ್ಸಿಂಗಿಗೆಂದು ಪ್ರವೇಶ ಪರೀಕ್ಷೆ ಬರೆದಿದ್ದಳು. ಬಂದ ರ‍್ಯಾಂಕು ಯಾವ ಸರ್ಕಾರಿ ಸೀಟಿಗೂ ಮುಟ್ಟುವಂಥದ್ದಲ್ಲ. ಅವಳ ಕಾಲೇಜಿನಲ್ಲಿ ಅರ್ಧ ವರ್ಷ ಫಿಸಿಕ್ಸ್‌ಗೆ ಮೇಷ್ಟರೇ ಇರಲಿಲ್ಲ.

"ಇನ್ನೊಂದ್ಸಲ ಬರಿ. ನಾನು ಹೇಳಿಕೊಡ್ತೀನಿ" ಅಂದೆ.

ಊಟದ ಹೊತ್ತಿನಲ್ಲಿ ಬಟ್ಟೆ ಇಡುವ ಕೋಣೆಯಲ್ಲಿ, ಮಡಿಸಿಟ್ಟ ಬೆಡ್‌ಶೀಟುಗಳ ನಡುವೆ ನಮ್ಮ ಪಾಠ. ನಿಜ ಹೇಳಬೇಕೆಂದರೆ ನನಗೂ ಮಸೂರದ ಲೆಕ್ಕ ಮರೆತು ಕಾಲವಾಗಿತ್ತು. ಪುಸ್ತಕ ನೋಡಿ ಕಲಿತು ಅವಳಿಗೆ ಹೇಳುತ್ತಿದ್ದೆ. ಒಂದು ದಿನ ಅದೇ ಲೆಕ್ಕವನ್ನು ಮೂರನೆಯ ಸಲ ತಪ್ಪು ಮಾಡಿದಳು. ನನ್ನ ಕೈ ಮೇಲೆದ್ದದ್ದು ನನಗೇ ತಿಳಿಯಲಿಲ್ಲ. ಕೆನ್ನೆಗೆ ಹೊಡೆದೆ. ಕೋಣೆ ಚಿಕ್ಕದು, ಸದ್ದು ದೊಡ್ಡದಾಗಿ ಕೇಳಿಸಿತು.

ನಾನು ತರಬೇತಿಯಲ್ಲಿದ್ದಾಗ ನಮ್ಮ ಟ್ಯೂಟರ್ ಫೋರ್ಸೆಪ್ಸ್‌ನಿಂದ ಬೆರಳ ಗಂಟಿನ ಮೇಲೆ ಹೊಡೆಯುತ್ತಿದ್ದರು. ಚಳಿಗಾಲದಲ್ಲಿ ಅದರ ಉರಿ ಸಂಜೆಯವರೆಗೂ ಇರುತ್ತಿತ್ತು. ನಾನು ಯಾರಿಗೂ ಹಾಗೆ ಮಾಡುವುದಿಲ್ಲ ಅಂದುಕೊಂಡೇ ಬೆಳೆದಿದ್ದೆ.

ಹುಡುಗಿ ಅಳಲಿಲ್ಲ. ಪುಸ್ತಕ ಮುಚ್ಚಿ ಹೇಳಿದಳು: "ಅಪ್ಪನೂ ಹೀಗೇ ಹೊಡೀತಾರೆ ಸಿಸ್ಟರ್. ಆದ್ರೆ ಅವ್ರು ಕುಡ್ದಿರ್ತಾರೆ."

ನಾನು ತಪ್ಪಾಯಿತು ಅಂದೆ. ಅವಳು ತಲೆಯಾಡಿಸಿದಳು. ಮರುದಿನ ಪಾಠಕ್ಕೆ ಬಂದಳು, ಆದರೆ ನನ್ನ ಕೈಗೆ ಎಟುಕದಷ್ಟು ದೂರ ಕುಳಿತಳು.

ಪರೀಕ್ಷೆಗೆ ಒಂದು ತಿಂಗಳಿರುವಾಗ ಅವಳೇ ನಮ್ಮ ಕ್ಯಾಶುವಾಲ್ಟಿಗೆ ರೋಗಿಯಾಗಿ ಬಂದಳು. ಬೆಳಗ್ಗೆ ಎಂಟು ಗಂಟೆ. ಅಮ್ಮನ ತಲೆವಸ್ತ್ರದಲ್ಲಿ ಸುತ್ತಿದ ಎಡಗೈ, ಜೊತೆಗೆ ಅಮ್ಮ. ಅಮ್ಮನ ಮುಂದಿನ ಹಲ್ಲು ಮುರಿದು ತುಟಿ ಒಡೆದಿತ್ತು. ಕೆಲಸ ಬಿಟ್ಟು ಓದಲು ಹೋಗುತ್ತಾಳಂತೆ ಎಂದು ಯಾರೋ ಅಪ್ಪನ ಕಿವಿಗೆ ಹಾಕಿದ್ದರು. ಅವನು ಪುಸ್ತಕಗಳನ್ನು ಎತ್ತಿ ಬಚ್ಚಲ ಒಲೆಗೆ ತುರುಕಿದ್ದ. ಅಡ್ಡ ಬಂದ ಹೆಂಡತಿಯ ಮುಖಕ್ಕೆ ಗುದ್ದಿದ್ದ. ಹುಡುಗಿ ಉರಿಯುವ ಪುಸ್ತಕ ಎಳೆದುಕೊಳ್ಳಲು ಹೋದಾಗ ಮರಗಸಿ ಕತ್ತಿ ಬೀಸಿದ್ದ.

"ಕತ್ತಿ ಹಿಂಬದೀಲಿ ಹೊಡ್ಯೋಕೆ ಹೋಗಿದ್ರು ಸಿಸ್ಟರ್," ಅಮ್ಮ ಒಡೆದ ತುಟಿಯಲ್ಲೇ ಹೇಳುತ್ತಿದ್ದಳು, "ಅದು ಕೈಯಾಗೆ ತಿರುಗ್ತು."

ನಮ್ಮಲ್ಲಿದ್ದ ಕಿರಿಯ ನರ್ಸ್ ಗಾಯ ತೊಳೆದಳು. ಬಣಕಲ್‌ನ ಒಬ್ಬ ಮೆಕ್ಯಾನಿಕ್‌ನ ಮಗಳು ಅವಳು, ಸೇರಿ ಎರಡು ವರ್ಷವಾಗಿತ್ತು, ಮಾತು ಕಡಿಮೆ. ಅಂಗೈ ತೆರೆದಾಗ ಒಳಗೆ ಬಿಳಿ ಸ್ನಾಯುರಜ್ಜು ಕಡಿದು ಹಿಂದಕ್ಕೆ ಸರಿದಿದ್ದು ಕಂಡಿತು. ಉಂಗುರದ ಬೆರಳು, ಕಿರುಬೆರಳು ಎರಡೂ ಸತ್ತಂತೆ ಮಲಗಿದ್ದವು. ಹಾಸನಕ್ಕೆ ಕಳಿಸಿ ಜೋಡಿಸಿದರು, ಆದರೆ ಆ ಎರಡು ಬೆರಳು ಮತ್ತೆ ಪೂರ್ತಿ ಮಡಚಲಿಲ್ಲ.

ಪೊಲೀಸರು ಬಂದಾಗ ಅಮ್ಮ, "ಬಿದ್ದು ಆಗಿದ್ದು ಅಂತ ಬರ್ಕೊಳ್ಳಿ ಸಾರ್" ಅಂದಳು.

ಹುಡುಗಿ ಎದ್ದು ಕುಳಿತಳು. "ಬಿದ್ದಿದ್ದಲ್ಲ. ಅಪ್ಪ ಕಡ್ದಿದ್ದು. ಹಂಗೇ ಬರ್ಕೊಳ್ಳಿ."

ಅಪ್ಪ ಕೆಲವು ವಾರ ಒಳಗಿದ್ದು ಜಾಮೀನಿನ ಮೇಲೆ ಬಂದ, ಕಳಸದ ಕಡೆ ತಂಗಿಯ ಮನೆ ಸೇರಿಕೊಂಡ. ತಾಯಿ ಮಗಳು ಬೇರೆ ತೋಟಕ್ಕೆ ಹೋದರು.

ಪರೀಕ್ಷೆಗೆ ನಾನೇ ಅವಳನ್ನು ಚಿಕ್ಕಮಗಳೂರಿಗೆ ಕರೆದುಕೊಂಡು ಹೋದೆ. ಬ್ಯಾಂಡೇಜಿನ ಕೈಯಲ್ಲಿ ಉತ್ತರ ಹಾಳೆ ಒತ್ತಿ ಹಿಡಿಯಲಾಗದೆ ಮೊಣಕೈ ಊರಿ ಬರೆದಳಂತೆ. ಅವಳು ಒಳಗೆ ಹೋಗುವ ಮುಂಚೆ ಗೇಟಿನ ಬಳಿ ಒಬ್ಬ ತಂದೆ ತನ್ನ ಮಗಳ ಕಪಾಳಕ್ಕೆ ಬಾರಿಸಿದ. ಆ ಮಗಳು ಗುರುತಿನ ಚೀಟಿ ಬಸ್ಸಿನಲ್ಲಿ ಬಿಟ್ಟು ಬಂದಿದ್ದಳು. ಬೆನ್ನಿಗೆ ಗುದ್ದಿದ, ಜಡೆ ಹಿಡಿದು ಎಳೆದ. ಸುತ್ತ ನಿಂತ ಅಪ್ಪ ಅಮ್ಮಂದಿರು ಅವರವರ ಮಕ್ಕಳ ಪೆನ್ನು, ನೀರಿನ ಬಾಟಲಿ ನೋಡಿಕೊಳ್ಳುತ್ತಿದ್ದರು. ನಾನು ಹೋಗಿ ಅವನ ಕೈ ಹಿಡಿದೆ. "ನಿಮಗ್ಯಾಕ್ರೀ? ನನ್ನ ಮಗಳು" ಅಂದ. ಅದಕ್ಕೆ ಉತ್ತರ ಕೊಡುವ ಯೋಗ್ಯತೆ ನನಗಿದೆಯೇ ಅಂತ ಒಂದು ಕ್ಷಣ ಅನ್ನಿಸಿತು. ಆದರೂ ಕೈ ಬಿಡಲಿಲ್ಲ.

ಫಲಿತಾಂಶ ಬಂತು. ಮೊದಲಿಗಿಂತ ಬಹಳ ಮೇಲೆ, ಆದರೂ ಸರ್ಕಾರಿ ಸೀಟಿಗೆ ಸಾಲದು. ಡ್ಯೂಟಿ ರೂಮಿನಲ್ಲಿ ಹುಡುಗಿ ಮೊಬೈಲನ್ನು ಮೇಜಿನ ಮೇಲೆ ಕವುಚಿ ಇಟ್ಟಳು. ನನಗೆ ಮೈಯೆಲ್ಲ ಉರಿಯಿತು.

"ಸುಡುಗಾಡು ಪರೀಕ್ಷೆ! ತೊಡೆಯಿಂದ ರಕ್ತ ಚಿಮ್ಮುವಾಗ ಯಾವ ಮಸೂರದ ಲೆಕ್ಕ ಬರುತ್ತೆ? ಇವಳ ಕೈಕೆಲಸ ನೋಡಿ ಸೀಟು ಕೊಡಬೇಕಿತ್ತು. ಎದುರು ಕೂರಿಸಿ ಮಾತಾಡಿಸಿ ಕೊಡಬೇಕಿತ್ತು."

ಕಿರಿಯ ನರ್ಸ್ ಔಷಧಿ ಪಟ್ಟಿ ಬರೆಯುತ್ತಿದ್ದಳು. ಪೆನ್ನು ಕೆಳಗಿಟ್ಟಳು. ಅವಳು ಅಷ್ಟು ಮಾತಾಡಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ.

"ಮಾತಾಡಿಸಿ ಕೊಡೋದಾಗಿದ್ರೆ ನನಗೆ ಯಾರು ಕೊಡ್ತಿದ್ರು ಸಿಸ್ಟರ್? ನಮ್ಮಪ್ಪ ರೋಡ್ ಬದಿ ಲಾರಿ ಅಡಿಯಲ್ಲಿ ಮಲಗಿ ಕೆಲಸ ಮಾಡೋರು. ನನ್ನ ಹೆಸರು ಕೇಳಿದ ತಕ್ಷಣ ಮುಖ ಬದಲಾಯಿಸಿದವರನ್ನ ಬೇಕಾದಷ್ಟು ನೋಡಿದೀನಿ. ಆ ಹಾಳೆ ಒಂದೇ ನನ್ನ ಹೆಸರು ನೋಡ್ದೆ ಮಾರ್ಕ್ಸ್ ಕೊಟ್ಟಿದ್ದು. ನೀವು ಹೇಗೆ ಸೇರಿದ್ರಿ? ನಿಮ್ಮ ಕಾಲದಲ್ಲಿ ಪರೀಕ್ಷೆ ಇತ್ತಾ?"

ಇರಲಿಲ್ಲ. ಹೇಳದೆ ಇರಬಹುದಿತ್ತು. ಆದರೆ ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು, ಹೇಳಿದೆ.

ನನ್ನ ಅಪ್ಪ ಒಂದು ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವ ಕೆಲಸ. ಸಾಹುಕಾರರು ನರ್ಸಿಂಗ್ ಶಾಲೆಯವರಿಗೆ ಒಂದು ಪತ್ರ ಬರೆದುಕೊಟ್ಟಿದ್ದರು. ಅದನ್ನು ಹಿಡಿದು ನಾನು ಸಂದರ್ಶನಕ್ಕೆ ಹೋದೆ. ಬೆಂಚಿನ ಮೇಲೆ ಪಕ್ಕದಲ್ಲಿ ಸಂಸೆ ಕಡೆಯ ಒಬ್ಬಳು ಕುಳಿತಿದ್ದಳು, ಕೂಲಿಯವರ ಮಗಳು. ಇಬ್ಬರೂ ಅಂಕಪಟ್ಟಿ ತೋರಿಸಿಕೊಂಡೆವು. ಅವಳದು ನನಗಿಂತ ಎಷ್ಟೋ ಹೆಚ್ಚು. ಒಳಗೆ ನನಗೆ ಒಂದೇ ಪ್ರಶ್ನೆ: "ಸಾಹುಕಾರರು ಚೆನ್ನಾಗಿದಾರಾ?" ಸಂಜೆ ಪಟ್ಟಿ ಹಾಕಿದಾಗ ಅವಳ ಹೆಸರು ಇರಲಿಲ್ಲ. ಅವಳಪ್ಪ ಗೋಡೆಗೆ ಹಚ್ಚಿದ ಆ ಹಾಳೆ ಕಿತ್ತು ಹರಿದ. ಕಾವಲುಗಾರ ಅವನ ಎದೆಗೆ ಲಾಠಿಯಿಂದ ತಿವಿದು ಮೆಟ್ಟಿಲ ಕೆಳಗೆ ದೂಡಿದ. ಮುದುಕ ಮುಖ ಅಡಿಯಾಗಿ ಬಿದ್ದ. ಮಗಳು ಅವನನ್ನು ಎಬ್ಬಿಸುವಾಗ ನಾನು ನನ್ನ ಟ್ರಂಕು ಹಿಡಿದು ಒಳಗೆ ಹೋಗುತ್ತಿದ್ದೆ.

ಹುಡುಗಿ ಕೇಳಿದಳು:

"ಆಮೇಲೆ ಅವ್ರು ಏನಾದ್ರು?"

"ಗೊತ್ತಿಲ್ಲ."

"ಹುಡುಕಲೇ ಇಲ್ವಾ? ಸಂಸೆ ಇಲ್ಲೇ ಇದೆಯಲ್ಲ."

ಹುಡುಕಿರಲಿಲ್ಲ. ಹುಡುಗಿ ಕುರ್ಚಿಯನ್ನು ಕಾಲಿನಿಂದ ಹಿಂದಕ್ಕೆ ಒದ್ದು ಎದ್ದು ಹೋದಳು. ಒಂದು ವಾರ ನನ್ನೊಡನೆ ಮಾತಿಲ್ಲ.

ಆ ವಾರವೆಲ್ಲ ನನಗೆ ಇದೇ ಯೋಚನೆ. ಪರೀಕ್ಷೆ ತೆಗೆದು ಹಾಕಿದರೆ ಆ ಜಾಗಕ್ಕೆ ಬರುವುದು ಯಾರು? ನನ್ನಂಥ ಪತ್ರದವರು. ಪರೀಕ್ಷೆ ಇಟ್ಟರೆ ಬರುವವರು ಯಾರು? ಫಿಸಿಕ್ಸ್ ಮೇಷ್ಟರು ಇದ್ದ ಕಾಲೇಜಿನವರು, ಮನೆಯಲ್ಲಿ ಪುಸ್ತಕಕ್ಕೆ ಬೆಂಕಿ ಬೀಳದವರು. ಬಣಕಲ್‌ನ ಕಿರಿಯ ನರ್ಸಿಗೆ ಬಾಗಿಲಾದದ್ದೇ ಲೈನ್ ಮನೆಯವಳಿಗೆ ಗೋಡೆಯಾಯಿತು. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಎನ್ನುವುದು ನ್ಯಾಯ, ಸರಿ. ಆದರೆ ಆ ಪತ್ರಿಕೆಯ ಮುಂದೆ ಕೂರುವವರೆಗೆ ನಡೆಯುವುದಿದೆಯಲ್ಲ, ಅದನ್ನು ಯಾರು ತಿದ್ದುತ್ತಾರೆ? ಪರೀಕ್ಷೆ ಇರಲಿ, ಪ್ರತಿ ಕಾಲೇಜಿಗೂ ಮೇಷ್ಟರು ಮೊದಲು ಬರಲಿ ಅನ್ನುವಷ್ಟು ದೂರ ಮಾತ್ರ ಬಂದಿದ್ದೇನೆ.

ನನ್ನ ಜೊತೆ ಓದಿದವಳೊಬ್ಬಳು ಒಂದು ಖಾಸಗಿ ಕಾಲೇಜಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದಾಳೆ. ಅವಳಿಗೊಂದು ಪತ್ರ ಬರೆಯಲೇ ಅಂತ ಹುಡುಗಿಯನ್ನು ಕೇಳಿದೆ.

"ಪತ್ರ ಬೇಡ ಸಿಸ್ಟರ್. ಅಲ್ಲಿ ಇನ್ನೊಬ್ಳು ಬೆಂಚಲ್ಲಿ ಕೂತಿರ್ತಾಳೆ."

ಹಾಸನದಲ್ಲಿ ನರ್ಸಿಂಗ್ ಡಿಪ್ಲೊಮಾಕ್ಕೆ ಆ ವರ್ಷ ಪಿಯುಸಿ ಅಂಕವೇ ಸಾಕಾಗಿತ್ತು. ಅರ್ಜಿ ಹಾಕಿದಳು, ಪಟ್ಟಿಯಲ್ಲಿ ಹೆಸರು ಬಂತು. ಆದರೆ ಆರೋಗ್ಯ ತಪಾಸಣೆಯಲ್ಲಿ ಮುಷ್ಟಿ ಕಟ್ಟು ಅಂದರೆ ಎಡಗೈಯಲ್ಲಿ ಆಗುವುದಿಲ್ಲವಲ್ಲ. ಕಿರಿಯ ನರ್ಸ್ ಎರಡು ವಾರ ಅವಳಿಗೆ ಗ್ಲೌಸ್ ಹಾಕುವುದನ್ನೇ ಕಲಿಸಿದಳು. ಮಡಚದ ಎರಡು ಬೆರಳನ್ನು ಮೊದಲು ತೂರಿಸಿ, ಆಮೇಲೆ ಉಳಿದವನ್ನು. ಹರಿದ ಗ್ಲೌಸ್‌ಗಳಿಗೆ ಲೆಕ್ಕವಿಲ್ಲ. ಒಂದೊಂದು ಸಲ ಹುಡುಗಿ ಸಿಟ್ಟಿಗೆ ಆ ಕೈಯನ್ನೇ ಗೋಡೆಗೆ ಗುದ್ದುತ್ತಿದ್ದಳು. ತಪಾಸಣೆಯ ದಿನ ಒಬ್ಬರು "ಈ ಕೈಯಲ್ಲಿ ಆಗಲ್ಲಮ್ಮ" ಅಂದಾಗ, ಅವಳು ಒಂದು ಜೊತೆ ಗ್ಲೌಸ್ ಕೊಡಿ ಅಂತ ಕೇಳಿ, ಅವರೆದುರೇ ಅದರ ಹೊರಮೈ ಎಲ್ಲೂ ಮುಟ್ಟಿಸದೆ ಹಾಕಿ ತೋರಿಸಿದಳು. ಸೇರಿಸಿಕೊಂಡರು. ಈಗ ಎರಡನೇ ವರ್ಷ.

ಕಳೆದ ತಿಂಗಳು ಬೆಳಗ್ಗೆ ಹತ್ತು ಗಂಟೆಗೆ ಅವಳ ಅಪ್ಪನನ್ನು ಕರೆತಂದರು. ಹಂದಿ ತೊಡೆಯನ್ನು ಸೀಳಿತ್ತು. ಅವನು ನನ್ನ ಗುರುತು ಹಿಡಿಯಲಿಲ್ಲ. ನಾನು ಹಿಡಿದೆ. ಡಾಕ್ಟರು ನೋಡಿ, ಹೊಲಿಗೆ ನೀವೇ ಹಾಕಿ ಅಂದು ಹೋದರು. ಮರಗಟ್ಟುವ ಇಂಜೆಕ್ಷನ್ ಕೊಟ್ಟೆ. ಅದು ಹಿಡಿಯುವವರೆಗೆ ಕಾಯಬೇಕು. ಕಾಯಲಿಲ್ಲ. ಮೊದಲ ಸೂಜಿ ಚುಚ್ಚಿದೆ. ಅವನು ಕಿರುಚಿದ. ಎರಡನೆಯದನ್ನು ಇನ್ನೂ ಆಳಕ್ಕೆ ಚುಚ್ಚಿದೆ. ಅವನ ಕಿರುಚಾಟ ನನಗೆ ಹಿತವಾಗಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ನನ್ನ ಮಣಿಕಟ್ಟನ್ನು ಯಾರೋ ಹಿಡಿದರು. ಕಿರಿಯ ನರ್ಸ್.

"ಬಿಡಿ ಸಿಸ್ಟರ್. ಇನ್ನು ನಾನು ಹಾಕ್ತೀನಿ."

ದನಿ ಎತ್ತಲಿಲ್ಲ. ಸೂಜಿ ತೆಗೆದುಕೊಂಡು, ಗಡಿಯಾರ ನೋಡುತ್ತಾ ನಿಂತಳು. ಅವನು ಸುಮ್ಮನಾದ ಮೇಲೆ ಶುರು ಮಾಡಿದಳು. ನಾನು ಹೊರಗೆ ಬಂದು ಕೈ ತೊಳೆದು ಹಾಸನದಲ್ಲಿದ್ದ ಹುಡುಗಿಗೆ ಫೋನ್ ಮಾಡಿದೆ. ನಾನು ಮಾಡಿದ್ದನ್ನೂ ಸೇರಿಸಿ ಹೇಳಿದೆ.

ಹುಡುಗಿ ಕೇಳಿದಳು, "ಎಷ್ಟು ಹೊಲಿಗೆ?"

"ಹನ್ನೊಂದಾಗಬಹುದು."

"ಟಿಟಿ ಇಂಜೆಕ್ಷನ್ ಕೊಟ್ರಾ?"

"ಕೊಟ್ಟಾಯ್ತು."

"ಸರಿ. ನಾನು ಬರಲ್ಲ ಸಿಸ್ಟರ್. ಅಮ್ಮಂಗೂ ಹೇಳ್ಬೇಡಿ."