ತಡಸದ ದಾರಿಯಲ್ಲಿ ಅವ್ವ ಇಳಿಸಿಕೊಂಡಳು

ನಮ್ಮ ಕಾರಿಗೆ ಜ್ವರ ಬರುತ್ತಿತ್ತು. ದಿನಾ ಬರುವ ಜ್ವರವಾಗಿದ್ದರೆ ಯಾರಾದರೂ ಮದ್ದು ಮಾಡುತ್ತಿದ್ದರು. ಇದು ತನಗೆ ಮನಸ್ಸಾದಾಗ ಏರಿ, ಹುಬ್ಬಳ್ಳಿಯ ಸರ್ವಿಸ್ ಸೆಂಟರಿನ ಗೇಟು ಕಂಡೊಡನೆ ಇಳಿದುಬಿಡುವ ಜ್ವರ.

ದ್ಯಾಮವ್ವನ ಭಕ್ತರಲ್ಲಿ ಅನೇಕರು ದೊಡ್ಡ ದೊಡ್ಡ ಸಂಕಟಗಳಿಂದ ಪಾರಾದವರು. ಅವರ ಸಾಲಿನಲ್ಲಿ ನಿಂತು ಒಂದು ಮೋಟಾರು ಗಾಡಿಯ ಕಾಯಿಲೆಯನ್ನು ನಿವೇದಿಸಲು ನನಗೆ ಸಂಕೋಚವಿದೆ. ಆದರೆ ಆ ಗಾಡಿಯ ಹಿಂದಿನ ಸೀಟಿನಲ್ಲಿ ನನ್ನ ಮಗಳು ಸುಮಾ ಕೂತಿರುತ್ತಿದ್ದಳು. ಅವಳು ಬಸುರಿ. ಈ ಮೊದಲು ಎರಡು ಸಲ ಗರ್ಭ ನಿಂತಂತೆ ಮಾಡಿ ಜಾರಿಹೋಗಿತ್ತು. ಹಿರೇಕೆರೂರಿನ ಬೀಗರು ಒಳ್ಳೆಯವರು, ಒಂದು ಮಾತೂ ಆಡಿರಲಿಲ್ಲ. ಅವರು ಆಡದ ಆ ಮಾತೇ ನಮ್ಮ ಮನೆಯಲ್ಲಿ ಹಗಲೂ ರಾತ್ರಿ ಕೇಳಿಸುತ್ತಿತ್ತು.

ನಾನು ಹಾನಗಲ್ಲಿನ ಕಚೇರಿಯೊಂದರಲ್ಲಿ ನೌಕರಿ ಮುಗಿಸಿ ನಿವೃತ್ತನಾದವನು. ಕಡತಗಳನ್ನು ನಡೆಸಿದ ವೇಗದಲ್ಲೇ ಕಾರನ್ನೂ ನಡೆಸುತ್ತೇನೆ ಎಂದು ನಮ್ಮ ಮನೆಯವರು, ಅಂದರೆ ನನ್ನ ಹೆಂಡತಿ, ಹೇಳುತ್ತಾರೆ. ಕಾರನ್ನು ಕೊಂಡದ್ದು ನಿವೃತ್ತಿಯ ಹಣದಿಂದ. ಅದರ ವಾರಂಟಿ ಕಳೆದ ಆಷಾಢಕ್ಕೆ ಮುಗಿಯುವುದಿತ್ತು, ಸುಮಾಳ ದಿನ ತುಂಬುವುದು ಅದಕ್ಕೂ ಸ್ವಲ್ಪ ಮೊದಲು. ಹುಬ್ಬಳ್ಳಿಯ ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದ್ದರು: "ಹೆರಿಗಿ ಇಲ್ಲೇ ಆಗಬೇಕ್ರಿ. ನೋವು ಶುರುವಾದ ಮ್ಯಾಲೆ ದಾರ್ಯಾಗ ಹೊತ್ತು ಕಳೀಬ್ಯಾಡ್ರಿ." ಅವರು ಇದನ್ನು ಮಗಳ ಮುಖ ನೋಡಿ ಹೇಳಲಿಲ್ಲ, ನನ್ನ ಮುಖ ನೋಡಿ ಹೇಳಿದರು. ಆವತ್ತಿನಿಂದ ನನಗೆ ನಿದ್ದೆ ದೂರವಾಯಿತು.

ಹಾನಗಲ್ಲಿನಿಂದ ಹುಬ್ಬಳ್ಳಿಗೆ ಹೋಗುವಾಗ, ತಡಸ ಸಮೀಪಿಸಿದಂತೆ, ರಸ್ತೆಯ ಬದಿಯ ಬೇವಿನ ಮರದ ಕೆಳಗೆ ದ್ಯಾಮವ್ವನ, ನಮ್ಮೆಲ್ಲರ ಅವ್ವನ, ಕಟ್ಟೆ ಇರುವುದು ನಿಮಗೆ ಗೊತ್ತು. ಹೊಸಬರಿಗಾಗಿ ಹೇಳುತ್ತೇನೆ. ಅಲ್ಲಿ ಗಾಡಿ ನಿಲ್ಲಿಸಬೇಕು, ಇಂಜಿನ್ ಬಂದ್ ಮಾಡಬೇಕು, ಚಪ್ಪಲಿ ಬಿಟ್ಟು ಇಳಿದು ಕೈಮುಗಿದು, ಹಣೆಗೆ ಭಂಡಾರದ ಅರಿಸಿನ ಪುಡಿ ಹಚ್ಚಿಕೊಂಡು ಮತ್ತೆ ಏರಬೇಕು. ತಾಯಿಯ ಮುಂದೆ ಗುರುಗುಟ್ಟುತ್ತ ಹೋಗುವುದು ಮರ್ಯಾದೆಯಲ್ಲ. ಎತ್ತಿನ ಗಾಡಿಯ ಕಾಲದಲ್ಲಿ ಅಲ್ಲಿ ನೊಗ ಇಳಿಸುತ್ತಿದ್ದರಂತೆ. ನಾವು ಕೀಲಿ ತಿರುಗಿಸುತ್ತೇವೆ.

ಯುಗಾದಿಯ ನಂತರದ ಬಿಸಿಲು. ಸ್ಕ್ಯಾನಿಂಗ್ ಮುಗಿಸಿ ಹುಬ್ಬಳ್ಳಿಯಿಂದ ಬರುತ್ತಿದ್ದೆವು. ಕೂಸು ಚೆನ್ನಾಗಿದೆ ಎಂದು ಕೇಳಿದ ಸಂತೋಷದಲ್ಲಿ ಕಟ್ಟೆಯ ಮುಂದೆ ಇಳಿದು, ಕೈಮುಗಿದು, ಮತ್ತೆ ಹೊರಟೆವು. ರಸ್ತೆ ಕೆಟ್ಟಿತ್ತು, ಮುಂದೆ ಕಬ್ಬಿನ ಟ್ರ್ಯಾಕ್ಟರು, ಆಮೆಯಂತೆ ಸಾಗಬೇಕಾಯಿತು. ಸ್ವಲ್ಪ ಹೊತ್ತಿಗೆ ಎದುರಿಗಿದ್ದ, ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರಿ ಕೆಂಪು ದೀಪ ಹತ್ತಿತು. ನಿಲ್ಲಿಸಿದೆ. ಇಂಜಿನ್ ಮುಚ್ಚಳದ ಸಂದಿಯಿಂದ ಹಬೆ ಬಂತು.

ಸುತ್ತ ಒಂದು ಗಿಡವಿಲ್ಲ. ಸುಮಾ ಸೆರಗನ್ನು ತಲೆಯ ಮೇಲೆ ಹಾಕಿಕೊಂಡು ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಳು. "ಅಪ್ಪಾ, ಹೊಟ್ಟಿ ಬಿಗೀಲಿಕ್ಕೆ ಹತ್ತೇತಿ" ಎಂದಳು. ಹಿಂದೆ ಎರಡು ಸಲವೂ ಹೀಗೆಯೇ ಶುರುವಾಗಿತ್ತು. ಬಂದ ಮೊದಲ ಬಸ್ಸಿಗೆ ನಾನು ರಸ್ತೆಯ ನಡುವೆಯೇ ನಿಂತುಬಿಟ್ಟೆ. ಕಂಡಕ್ಟರ್ ಬೈಯಲು ಬಾಯಿ ತೆರೆದವನು ಸುಮಾಳನ್ನು ನೋಡಿ ಒಳಗೆ ತಿರುಗಿ, "ಏ, ಮುಂದಿನ ಸೀಟು ಬಿಡ್ರೆಪಾ, ತಂಗೀಗಿ ಕುಂಡ್ರಾಕ ಬೇಕು" ಎಂದ. ಹಾನಗಲ್ಲು ಮುಟ್ಟುವವರೆಗೆ ನಮ್ಮ ಮನೆಯವರು ಮಗಳ ಬೆನ್ನು ನೀವುತ್ತಿದ್ದರು. ಊರು ಬರುವಷ್ಟರಲ್ಲಿ ಬಿಗಿತ ಇಳಿಯಿತು. ನನ್ನ ಎದೆಯ ಬಿಗಿತ ಇಳಿಯಲಿಲ್ಲ.

ಸರ್ವಿಸ್ ಸೆಂಟರಿನವರು ಬಂದು ಕಾರನ್ನು ಎಳೆದುಕೊಂಡು ಒಯ್ದರು. ಅವರು ನೋಡಿದರು, ಕಂಪ್ಯೂಟರಿಗೆ ತಂತಿ ಜೋಡಿಸಿದರು, ಹೊರವರ್ತುಲ ರಸ್ತೆಯಲ್ಲಿ ಓಡಿಸಿದರು. ಕೊನೆಗೆ ತೀರ್ಪು ಬಂತು: ದೋಷ ಕಂಡುಬಂದಿಲ್ಲ. ನಾನು ನೌಕರಿಯಲ್ಲಿದ್ದಾಗ ಎಷ್ಟೋ ಬಡವರ ಅರ್ಜಿಯ ಮೇಲೆ ಇಂಥದೇ ಒಕ್ಕಣೆ ಬಿದ್ದದ್ದನ್ನು ಕಂಡಿದ್ದೇನೆ. ಅರ್ಜಿದಾರರ ಕಡೆ ನಿಂತು ಅದನ್ನು ಓದಿಸಿಕೊಂಡದ್ದು ಅದೇ ಮೊದಲು.

ಗಾಡಿ ಮತ್ತೆ ಕಾಯಿತು. ಮತ್ತೆ ಒಯ್ದೆ. ಮತ್ತೆ ಅದೇ ತೀರ್ಪು. ಹಾನಗಲ್ಲಿನ ಮೇಸ್ತ್ರಿ ಕೈ ಹಚ್ಚಲು ಒಲ್ಲೆ ಎಂದ. "ನಾ ಬಿಚ್ಚಿದ್ರ ನಿಮ್ಮ ವಾರಂಟಿ ಹೋಕ್ಕೇತ್ರಿ ಸಾಹೇಬ್ರ. ಆಮ್ಯಾಲೆ ಅವರೂ ಇಲ್ಲ, ನಾನೂ ಇಲ್ಲ." ಬೇರೆ ಗಾಡಿ ಗೊತ್ತುಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ವಿಚಾರಿಸಿದ್ದೆ. ಆದರೆ ಲಗ್ನದ ದಿನಗಳು, ಬಾಡಿಗೆ ಗಾಡಿಗಳೆಲ್ಲ ದಿಬ್ಬಣದ ಹಿಂದೆ. ಆಂಬುಲೆನ್ಸ್ ಇತ್ತು, ಅದು ಬೇರೊಬ್ಬರ ಕರೆಗೆ ಹೋಗಿರಬಹುದಿತ್ತು. ಹೆದರಿದವನಿಗೆ ಎಲ್ಲ ಬಾಗಿಲೂ ಮುಚ್ಚಿದಂತೆಯೇ ಕಾಣುತ್ತದೆ.

ಅಷ್ಟರಲ್ಲಿ ನಾನೊಂದು ಭಯಂಕರ ಸಂಗತಿಯನ್ನು ಗಮನಿಸಿದೆ. ಕಾರು ಕಾದದ್ದೆಲ್ಲ ಕಟ್ಟೆ ದಾಟಿದ ಮೇಲೆಯೇ. ಹೋಗುವಾಗಲೂ ಅಷ್ಟೇ, ಬರುವಾಗಲೂ ಅಷ್ಟೇ. ನಮ್ಮ ಮನೆಯವರು ಅದನ್ನು ನನಗಿಂತ ಮೊದಲೇ ಗಮನಿಸಿ ಒಳಗೇ ಇಟ್ಟುಕೊಂಡಿದ್ದರು.

"ಅವ್ವ ಮುನಿಸಿಕೊಂಡಾಳ್ರಿ" ಎಂದರು ಒಂದು ದಿನ, ಕಾಳು ಆರಿಸುತ್ತ, ನನ್ನ ಕಡೆ ನೋಡದೆ.

"ಯಾಕ ಮುನೀತಾಳ? ಪ್ರತಿ ಸಲ ಇಳೀತೇವಿ, ಕೈಮುಗೀತೇವಿ."

"ಇಳೀತೀರಿ. ವಾಚು ನೋಡಕೋತ ಇಳೀತೀರಿ."

ಆ ಮೇಲೆ ನಾನು ವಾಚು ಬಿಚ್ಚಿಟ್ಟು ಇಳಿಯತೊಡಗಿದೆ. ಹೆಚ್ಚು ಹೊತ್ತು ನಿಂತೆ. ಮಗಳು ಸುಖವಾಗಿ ಹೆತ್ತರೆ ಹಸಿರು ಸೀರೆ ಉಡಿಸಿ ಉಡಿ ತುಂಬುತ್ತೇನೆಂದು ಹರಕೆ ಹೊತ್ತೆ. ನನ್ನ ಭಕ್ತಿ ಹೆಚ್ಚಿದ ಹಾಗೆ ಕಾರಿನ ಜ್ವರವೂ ಹೆಚ್ಚಿತು. ಕೊನೆಕೊನೆಗೆ ಬೇವಿನ ಮರ ದೂರದಲ್ಲಿ ಕಂಡರೆ ಸ್ಟೇರಿಂಗ್ ಹಿಡಿದ ಕೈ ಬೆವರುತ್ತಿತ್ತು. ತಾಯಿಯ ಮನೆ ಕಂಡರೆ ಹೆದರುವ ಮಗನ ಸ್ಥಿತಿಯನ್ನು ನಾನು ಯಾರಿಗೂ ಬಯಸುವುದಿಲ್ಲ.

ಈ ಸಂಗತಿಯನ್ನು ಸರ್ವಿಸ್ ಸೆಂಟರಿನಲ್ಲಿ ಮಾತ್ರ ಹೇಳಲಿಲ್ಲ. ಹೇಳಿದ್ದರೆ ಅವ್ವನ ಮೇಲೆ ದೂರು ಕೊಟ್ಟಂತಾಗುತ್ತಿತ್ತು. ಅದೂ ಗಾಜಿನ ಕೋಣೆಯಲ್ಲಿ, ಟೈ ಕಟ್ಟಿದವರ ಮುಂದೆ. "ಯಾವಾಗ ಕಾಯ್ತೇತ್ರಿ?" ಎಂದು ಕೇಳಿದಾಗಲೆಲ್ಲ "ಒಮ್ಮೊಮ್ಮೆ" ಎನ್ನುತ್ತಿದ್ದೆ. "ಎಲ್ಲಿ?" ಎಂದರೆ "ದಾರ್ಯಾಗ" ಎನ್ನುತ್ತಿದ್ದೆ. ನಮ್ಮ ಮನೆಯವರೂ ಸೆರಗಿನ ತುದಿ ತಿರುವುತ್ತ ಕೂತಿರುತ್ತಿದ್ದರು.

ಜ್ಯೇಷ್ಠ ಬಂತು. ಕೊನೆಯ ತಪಾಸಣೆಗೆಂದು ಸುಮಾಳನ್ನು ಎಷ್ಟೋ ದಿನ ಮೊದಲೇ ಗೊತ್ತುಮಾಡಿದ ಬಾಡಿಗೆ ಗಾಡಿಯಲ್ಲಿ ಅವಳ ಗಂಡ ಕರೆದೊಯ್ದು ತಂದ. ನಾನೂ ಮನೆಯವರೂ ಮತ್ತೊಮ್ಮೆ ಸರ್ವಿಸ್ ಸೆಂಟರಿನ ಕುರ್ಚಿಯಲ್ಲಿ ಕೂತೆವು. ಅಲ್ಲಿನ ಸೂಪರ್‌ವೈಸರ್ ಇರ್ಫಾನ್, ಸವಣೂರಿನವನು. ಮಾತಿನಲ್ಲಿ ಬಹಳ ಮರ್ಯಾದೆ, ಆದರೆ ತೀರ್ಪಿನಲ್ಲಿ ಬದಲಾವಣೆ ಇಲ್ಲ.

"ಎಲ್ಲಾ ಬರೋಬ್ಬರಿ ಐತ್ರಿ ಸರ್. ಮಷೀನಿಗೆ ಏನೂ ಸಿಗವಲ್ದು. ಸಿಗಲಾರದ್ದಕ್ಕ ಕಂಪನ್ಯಾವ್ರು ಸಾಮಾನು ಬದ್ಲಿ ಮಾಡಾಕ ಒಪ್ಪಂಗಿಲ್ರಿ."

ನಾನು ಎದ್ದೆ. ಕಚೇರಿಯ ಗತ್ತಿನಲ್ಲಿ ಏನೋ ಹೇಳುವವನಿದ್ದೆ, ಅಷ್ಟರಲ್ಲಿ ನಮ್ಮ ಮನೆಯವರು ಕೂತಲ್ಲಿಂದಲೇ ಹೇಳಿದರು: "ತಮ್ಮಾ, ನನ್ನ ಮಗಳು ಈ ಹದಿನೈದು ದಿನದಾಗ ಹಡೀತಾಳ. ಮೊದಲಿನ ಎರಡು ಉಳೀಲಿಲ್ಲ. ಈ ಗಾಡಿ ನಡುದಾರ್ಯಾಗ ನಿಂತ್ರ ನಾ ಏನು ಮಾಡ್ಲಿ? ನೀನ ಹೇಳು."

ಇರ್ಫಾನ್ ಮೇಜಿನ ಮೇಲಿದ್ದ ನಮ್ಮ ಗಾಡಿಯ ಕೀಲಿಯನ್ನು ಎತ್ತಿಕೊಂಡ. "ನಡೀರಿ ಅಕ್ಕಾರ. ನಿಮ್ಮ ದಾರ್ಯಾಗ ನಾನ ಓಡಸ್ತೇನಿ. ಹಾನಗಲ್ಲ ಮುಟ್ಟಿಸಿ ಬಸ್ಸಿಗೆ ವಾಪಸ್ ಬರ್ತೇನಿ" ಎಂದ.

ಹೊರಟೆವು. ಅವನು ಓಡಿಸಿದ, ನಾನು ಪಕ್ಕದಲ್ಲಿ, ನಮ್ಮ ಮನೆಯವರು ಹಿಂದೆ. ಗಾಡಿ ತಣ್ಣಗೆ ಓಡಿತು. ಮುಳ್ಳು ನಡುವೆ ನಿಂತಿತ್ತು. ಅವನು ಆಗಾಗ ಮುಳ್ಳಿನ ಕಡೆ ನೋಡಿ ನನ್ನ ಕಡೆ ನೋಡುತ್ತಿದ್ದ. ತಡಸ ದಾಟಿದೆವು. ಬೇವಿನ ಮರ ಕಂಡಿತು.

ನನ್ನ ಜೀವನದಲ್ಲಿ ಅಷ್ಟು ಇಕ್ಕಟ್ಟಿನ ಗಳಿಗೆ ಬೇರೆ ಬಂದಿಲ್ಲ. ನಿಲ್ಲಿಸು ಎನ್ನಬೇಕೆಂದರೆ, ಈ ಹುಡುಗ ಬೇರೆ ಮತದವನು, ಕೆಲಸದ ಮೇಲೆ ಬಂದವನು, ಏನೆಂದುಕೊಳ್ಳುತ್ತಾನೋ. ಎನ್ನದಿದ್ದರೆ, ಮುನಿದ ತಾಯಿಯ ಮುಂದೆಯೇ ಗುರುಗುಟ್ಟುತ್ತ ಹೋದಂತೆ, ಅದೂ ಮಗಳ ದಿನ ತುಂಬಿರುವಾಗ. ನಾನು ಕಣ್ಣು ಮುಚ್ಚಿದೆ. ಅವ್ವಾ, ನನ್ನ ಬಾಯಿ ಏಳುತ್ತಿಲ್ಲ, ಇಳಿಸಿಕೊಳ್ಳುವುದಿದ್ದರೆ ನೀನೇ ಇಳಿಸಿಕೋ ಎಂದೆ.

ಗಾಡಿ ನಿಧಾನವಾಯಿತು, ಬದಿಗೆ ಸರಿಯಿತು, ನಿಂತಿತು. ಕೀಲಿ ತಿರುಗಿದ ಸದ್ದಾಯಿತು. ಕಣ್ಣು ತೆರೆದರೆ ಇರ್ಫಾನ್ ಬೂಟಿನ ಲೇಸು ಬಿಚ್ಚುತ್ತಿದ್ದ.

"ಇಳೀಬೇಕಲ್ರಿ ಇಲ್ಲಿ?" ಎಂದ, ನಾನು ಮರೆತಿರಬಹುದು ಎಂಬಂತೆ. "ನಮ್ಮ ಅಬ್ಬಾ ವೀಳ್ಯದೆಲಿ ಗಾಡಿ ಹೊಡೀತಿದ್ರು. ಸವಣೂರ ಎಲಿ ಹೇರಿಕೊಂಡು ಈ ರಸ್ತಾದಾಗ ಬಂದ್ರ ಇಲ್ಲಿ ಬಂದ್ ಮಾಡೇ ಮುಂದ ಹೋಗ್ತಿದ್ರು. ಒಂದು ಎಲಿ ಕಟ್ಟು ಇಟ್ಟು ಹೋಗ್ತಿದ್ರು. ನಾ ಸಣ್ಣಾವಿದ್ದಾಗ ಬಾಜೂಕ ಕುಂತು ಬರ್ತಿದ್ದೆ."

ನಾವು ಇಳಿದೆವು. ನನಗೆ ಕೈಮುಗಿಯಲು ಆಯಿತೇ ಹೊರತು ಏನೂ ಬೇಡಿಕೊಳ್ಳಲು ಆಗಲಿಲ್ಲ. ನಮ್ಮ ಮನೆಯವರು ನನ್ನ ಹಿಂದೆ ನಿಂತು ಅಳುತ್ತಿದ್ದರು. ಇರ್ಫಾನ್ ದೂರದಲ್ಲಿ, ಬರಿಗಾಲಲ್ಲಿ, ತಲೆ ತಗ್ಗಿಸಿ ನಿಂತಿದ್ದ.

ಮತ್ತೆ ಗಾಡಿ ಶುರು ಮಾಡಿದ. ಏಸಿ ಹಚ್ಚಿ, ಹೊರಡದೆ ಸುಮ್ಮನೆ ಕೂತು ಬೂಟು ಕಟ್ಟಿಕೊಂಡ. ಕಟ್ಟಿ ತಲೆ ಎತ್ತುವಷ್ಟರಲ್ಲಿ ಮುಳ್ಳು ಏರುತ್ತಿತ್ತು. ನಾನು ಕೂತಲ್ಲಿಂದಲೇ ಮತ್ತೆ ಕಟ್ಟೆಯ ಕಡೆ ಕೈಮುಗಿದೆ. ಅವನು ಮಾತ್ರ ಲಗ್ನದ ಓಲೆ ಬಂದವನಂತೆ ಅರಳಿದ. ಮೊಬೈಲು ಹಿಡಿದು ಇಳಿದು, ಮುಚ್ಚಳ ಎತ್ತಿದ.

"ಸರ್, ಬರ್ರಿಲ್ಲೆ. ಫ್ಯಾನು ನೋಡ್ರಿ."

ಫ್ಯಾನು ನಿಂತಿತ್ತು. ಇಂಜಿನ್ ಕುದಿಯುತ್ತಿತ್ತು, ಅದನ್ನು ತಂಪು ಮಾಡಬೇಕಾದ ಫ್ಯಾನು ಅಲ್ಲಾಡುತ್ತಿರಲಿಲ್ಲ. ಅವನು ಅದನ್ನೂ, ಕೆಂಪು ದೀಪವನ್ನೂ ಮೊಬೈಲಿನಲ್ಲಿ ಹಿಡಿದ. ಆಮೇಲೆ ಫ್ಯಾನಿಗೆ ಕರೆಂಟು ಕೊಡುವ ರಿಲೇ ಎಂಬ, ಕಲ್ಲುಸಕ್ಕರೆಯ ತುಂಡಿನಷ್ಟು ಸಣ್ಣ ಪೆಟ್ಟಿಗೆಯನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದ. ಫ್ಯಾನು ಗೊಂಯ್ ಎಂದು ತಿರುಗಿತು.

"ಓಡೂಮುಂದ ಗಾಳಿ ಬಡೀತೇತಿ, ಫ್ಯಾನು ಇಲ್ಲದಿದ್ರೂ ನಡೀತೇತ್ರಿ. ನಿಂತು ಬಂದ್ ಮಾಡಿದ್ರ ಒಳಗಿನ ಬಿಸಿ ಎಲ್ಲಾ ಈ ರಿಲೇಕ್ಕ ಬಡೀತೇತಿ. ಆವಾಗ ಇದು ಸಿಕ್ಕೊಂತೇತಿ. ತಣ್ಣಗಾದ್ರ ಮತ್ತ ಶಾಣ್ಯಾ ಆಕ್ಕೇತಿ. ನಾವು ಅಲ್ಲಿ ಬರೇ ಓಡಿಸಿ ನೋಡಿದ್ವಿ, ಹಿಂಗ ನಿಂತು ಹೊರಡಲಿಲ್ಲ. ನೀವು ಇಲ್ಲಿ ನಿಲ್ಲಸ್ತೇನಿ ಅಂತ ಒಂದ ಮಾತು ಹೇಳಬಾರ್ದಿತ್ತೇನ್ರಿ?"

ಉತ್ತರ ಹೇಳಿದ್ದು ನಮ್ಮ ಮನೆಯವರು. "ಹೆಂಗ ಹೇಳೂದು ತಮ್ಮಾ? ಇವರು ಅವ್ವ ಸಿಟ್ಟಾಗ್ಯಾಳ ಅಂತ ಹೆದರಿದ್ರು." ಮುನಿಸಿನ ಮಾತನ್ನು ಮೊದಲು ಎತ್ತಿದವರು ಯಾರು ಎಂಬ ವಿಚಾರವನ್ನು ನಾನು ಆ ಸ್ಥಳದಲ್ಲಿ ಎತ್ತಲಿಲ್ಲ.

ಇರ್ಫಾನ್ ನಗಲಿಲ್ಲ. "ಸಿಟ್ಟಲ್ರಿ ಅಕ್ಕಾರ. ಇಲ್ಲಿ ನಿಲ್ಲಿಸಲಿಲ್ಲಾಂದ್ರ ಇದು ಯಾವತ್ತೂ ಸಿಗತಿರಲಿಲ್ಲ. ಹೆರಿಗಿ ದಿನ ಸಿಗ್ನಲ್ಲಿನ್ಯಾಗ ನಿಂತಾಗ ಸಿಗತಿತ್ತು."

ಆ ಮಾತು ನನ್ನೊಳಗೆ ಇಳಿಯಲು ಹೊತ್ತು ಹಿಡಿಯಿತು. ಇಷ್ಟು ದಿನ ಅವ್ವ ದಂಡಿಸುತ್ತಿದ್ದಾಳೆ ಎಂದುಕೊಂಡಿದ್ದೆ. ಅವಳು ಪ್ರತಿ ಸಲವೂ ನಿಲ್ಲಿಸಿ, ಇಗೋ ಇಲ್ಲಿದೆ ನೋಡು ಎಂದು ತೋರಿಸುತ್ತಿದ್ದಳು. ನೋಡಬೇಕಾದವನು ಕಣ್ಣು ಮುಚ್ಚಿ ಕೈಮುಗಿಯುತ್ತಿದ್ದೆ.

ಕಂಪನಿಯವರು ಮೊಬೈಲಿನ ಚಿತ್ರ ನೋಡಿ, ವಾರಂಟಿಯಲ್ಲೇ ರಿಲೇ ಮತ್ತು ಅದರ ತಂತಿಗಳನ್ನು ಬದಲಿಸಿದರು. ಆದರೂ ನನ್ನ ಭಯ ಹೋಗಲಿಲ್ಲ. ಭಯಕ್ಕೆ ಬಿಡಿ ಸಾಮಾನು ಸಿಗುವುದಿಲ್ಲ.

ಒಂದು ಮುಂಜಾನೆ ನಮ್ಮ ಮನೆಯವರು ರೊಟ್ಟಿ ಬಡಿಯುತ್ತಿದ್ದಾಗ ಸುಮಾ ಗೋಡೆ ಹಿಡಿದು ನಿಂತಳು. ಹಿಟ್ಟಿನ ಕೈಯಲ್ಲೇ ಹೊರಟೆವು. ತುಂತುರು ಮಳೆ. ಹಿಂದಿನಿಂದ ಮಗಳ ನರಳಾಟ, ಮುಂದೆ ನನ್ನ ಕಣ್ಣು ಮುಳ್ಳಿನ ಮೇಲೆ. ಬೇವಿನ ಮರ ಬಂತು. ಡಾಕ್ಟರಮ್ಮನ ಮಾತು ನೆನಪಾಯಿತು.

"ನಿಲ್ಲಸಬ್ಯಾಡ್ರಿ, ನಡೀರಿ. ಅವ್ವಗ ಎಲ್ಲಾ ಗೊತ್ತೈತಿ" ಎಂದರು ನಮ್ಮ ಮನೆಯವರು, ವರ್ಷಗಟ್ಟಲೆ ನನ್ನನ್ನು ಅಲ್ಲಿ ಇಳಿಸಿದವರು.

"ನಿಲ್ಸಪಾ" ಎಂದಳು ಸುಮಾ, ಹಲ್ಲು ಕಚ್ಚಿ. "ಬಂದ್ ಮಾಡು."

ಬಂದ್ ಮಾಡಿದೆ. ಮನೆಯವರು ಮಳೆಯಲ್ಲಿ ಓಡಿ ಭಂಡಾರ ತಂದು ಮಗಳ ಹಣೆಗೆ ಹಚ್ಚಿದರು. ನಾನು ಕೂತಲ್ಲೇ ಕೈಮುಗಿದು ಕೀಲಿ ತಿರುಗಿಸಿದೆ. ಇಂಜಿನ್ ಹತ್ತಿತು. ಫ್ಯಾನಿನ ಸದ್ದಿಲ್ಲ. ಮಳೆ ಮುಚ್ಚಳದ ಮೇಲೆ ಬೀಳುವ ಸದ್ದು, ಮಗಳ ಉಸಿರಿನ ಸದ್ದು. ಮುಳ್ಳು ಕೂದಲೆಳೆಯಷ್ಟು ಅಲುಗಿತು. ಆಗ ಗೊಂಯ್ ಎಂದಿತು. ನನ್ನ ತಾಯಿ ಸತ್ತ ಮೇಲೆ ನಾನು ಅತ್ತದ್ದು ಆವತ್ತೇ.

ಹುಬ್ಬಳ್ಳಿ ಮುಟ್ಟಿದೆವು. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಕೂಸು, ದೊಡ್ಡ ಗಂಟಲಿನದು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಬೀಗರು ತೊಟ್ಟಿಲಿನಲ್ಲಿ ದ್ಯಾಮವ್ವ ಎಂದು ಕೂಗಿ, ಶಾಲೆಗೆ ಬೇರೆ ಹೆಸರಿಡುತ್ತೇವೆ ಎಂದರು. ಆಗಲಿ ಎಂದೆ. ಕೂಸನ್ನು ತೊಟ್ಟಿಲಿಗೆ ಹಾಕಿದ ಆ ದಿನ ಇರ್ಫಾನ್ ಎರಡು ಕಟ್ಟು ಸವಣೂರಿನ ಎಲೆ ತಂದ. "ಒಂದು ನಿಮಗ್ರಿ, ಒಂದು ಅವ್ವನ ಕಟ್ಟಿಗೆ. ಅಬ್ಬಾ ಕೊಟ್ಟು ಕಳಿಸ್ಯಾರ" ಎಂದ. ಹಸಿರು ಸೀರೆಯ ಹರಕೆ ತೀರಿಸಿದ ದಿನ ಆ ಎಲೆಯನ್ನೂ ಅವ್ವನ ಉಡಿಯಲ್ಲಿಟ್ಟೆವು.

ವಾರಂಟಿ ಆಷಾಢದಲ್ಲಿ ಮುಗಿಯಿತು. ಮುಂದುವರಿಸಿಕೊಳ್ಳಿ ಎಂದು ಕಂಪನಿಯ ಹೆಣ್ಣುಮಗಳೊಬ್ಬಳು ಆಗಾಗ ಫೋನು ಮಾಡುತ್ತಾಳೆ. ವಿಚಾರ ಮಾಡುತ್ತೇನೆ ಎಂದು ಗಂಭೀರವಾಗಿ ಹೇಳಿ ಇಡುತ್ತೇನೆ. ಈಗಲೂ ಬೇವಿನ ಮರ ಕಂಡರೆ ಕೈ ಸ್ವಲ್ಪ ಬೆವರುತ್ತದೆ, ಸುಳ್ಳು ಹೇಳಲಾರೆ. ನಿಲ್ಲಿಸಿ, ಬಂದ್ ಮಾಡಿ, ಇಳಿದು, ಕಣ್ಣು ತೆರೆದುಕೊಂಡೇ ಕೈಮುಗಿಯುತ್ತೇನೆ. ಮತ್ತೆ ಕೀಲಿ ತಿರುಗಿಸಿದ ಮೇಲೆ ಫ್ಯಾನು ಗೊಂಯ್ ಎನ್ನುವವರೆಗೆ ಹೊರಡುವುದಿಲ್ಲ. ಅವ್ವ ಹೋಗಿ ಬಾ ಎನ್ನದೆ ಹೊರಡಬಾರದು.