ಹಿರಿಯಪ್ಪನ ಚಪ್ಪಲಿ

ಲೆಮೆಕಿಗೆ ಅರವತ್ತಾರು. ಗಿಜೊ ಪೇಟೆಯ ಎದುರಿನ ನಮ್ಮ ದ್ವೀಪದಲ್ಲಿ ದೋಣಿ ಕೆತ್ತುತ್ತಾನೆ, ಭಾನುವಾರ ಚರ್ಚಿನಲ್ಲಿ ಹಿರಿಯರಿಗೆಂದೇ ಇರುವ ಮುಂದಿನ ಬೆಂಚಿನಲ್ಲಿ ಕೂರುತ್ತಾನೆ. ಅದು ಪುಕ್ಕಟೆ ಸಿಕ್ಕ ಜಾಗವಲ್ಲ. ಹೆಂಡತಿ ಸತ್ತ ವರ್ಷ ಕುಡಿತ ಬಿಟ್ಟ. ಆಮೇಲೆ ಹನ್ನೊಂದು ವರ್ಷ ಊರವರ ಹೆಣ ಹೊತ್ತು, ರೋಗಿಗಳ ಪಕ್ಕ ಕೂತು ಗಳಿಸಿದ್ದು.

ಅದಕ್ಕೂ ಮೊದಲು ಅವನು ‘ಲಗೂನ್ ಬಾಯ್ಸ್’ ಬ್ಯಾಂಡಿನ ಹಾಡುಗಾರ. ಬಿದಿರು ಬಾರಿಸುವವನು ನಾನು, ಎಸೌ. ಉದ್ದ ಗಿಡ್ಡ ಕೊಳವೆಗಳನ್ನು ಸಾಲಾಗಿ ಕಟ್ಟಿ, ಅವುಗಳ ಬಾಯಿಗೆ ಹವಾಯಿ ಚಪ್ಪಲಿಯಿಂದ ಹೊಡೆಯುವುದು ನಮ್ಮ ವಿದ್ಯೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಒಂದು ದಿನ ನನ್ನ ಚಪ್ಪಲಿ ಕಿತ್ತುಹೋಯಿತು. ಲೆಮೆಕಿ ಚರ್ಚಿನ ಬಾಗಿಲಿಗೆ ಓಡಿ ಹಿರಿಯರೊಬ್ಬರ ಜೋಡಿ ಎತ್ತಿಕೊಂಡು ಬಂದ. ಆ ಹಿರಿಯರು ಅವನಪ್ಪನೇ. ಹಿಂದಿನ ವಾರವಷ್ಟೇ ನಮ್ಮ ಕುಣಿತ ನಿಲ್ಲಿಸಿದವರು. ಹವಳದ ಚೂರುಗಳ ಮೇಲೆ ಬರಿಗಾಲಲ್ಲಿ ಕುಂಟುತ್ತಾ ಮನೆಗೆ ಹೋದರು. ಸಂಜೆ ಮಗನ ಕೆನ್ನೆ ಊದಿತ್ತು. ಮರುದಿನ ಅವನ ಹಾಡು ಸಿದ್ಧ:

“ಕುಣೀಬೇಡ ಅಂದ ಹಿರಿಯಪ್ಪಾ, ನಿನ್ನ ಕಾಲು ಖಾಲಿ,
ನಮ್ಮ ಬಿದಿರಿನ ಮೇಲೆ ಕುಣೀತೈತೆ ನಿನ್ನ ಚಪ್ಪಲಿ!”

ಸುತ್ತಲ ದ್ವೀಪಗಳಲ್ಲೆಲ್ಲ ಅದೇ ಹಾಡಾಯಿತು.

ಈ ವರ್ಷ ಗಿಜೊ ಹಬ್ಬದಲ್ಲಿ ಹಳೆಯ ಹಾಡುಗಳನ್ನೇ ಹಾಡಿ ಎಂದು ಕರೆ ಬಂತು. ಚರ್ಚಿನ ಪಕ್ಕದ ಹಲಸುಮರದಡಿ ಅಭ್ಯಾಸ ಶುರು ಮಾಡಿದೆವು. ಹೊಸ ಪಾಸ್ಟರು ಕೇಳಿಸಿಕೊಂಡು ಬಂದರು.

“ಲೆಮೆಕಿಯವರೇ, ಹಾಡಲ್ಲಿ ‘ಹಿರಿಯಪ್ಪ’ ಅನ್ನೋದು ತೆಗೆದು ‘ವ್ಯಾಪಾರಿ’ ಅಂತ ಮಾಡಿ. ನೀವೇ ಈಗ ಹಿರಿಯರು. ಜನ ಆಡ್ಕೊಳ್ತಾರೆ.”

“ಆಡ್ಕೊಳ್ಳಲಿ ಅಂತಲೇ ಬರೆದದ್ದು,” ಎಂದ ಲೆಮೆಕಿ.

ನನಗೂ ಆ ಮುಂದಿನ ಬೆಂಚಿನಲ್ಲಿ ಜಾಗವಿತ್ತು. “ಒಂದು ಪದ ತಾನೇ, ಬಿಟ್ಟುಬಿಡೋ,” ಎಂದೆ.

“ಎಸೌ, ಬೆಂಚು ಮೆತ್ತಗಾಗಿದೆ ಕಣೋ ನಿಂಗೆ. ಅಪ್ಪನ ಎದುರು ಹಾಡಿದ್ದನ್ನ ಇವರೆದುರು ನುಂಗ್ಲಾ? ಅವತ್ತು ಅಪ್ಪನ್ನ ಆಡ್ಕೊಂಡೆ. ಇವತ್ತು ಆಡಿಸ್ಕೊಳ್ಳೋ ಸರದಿ ನಂದು.”

ಶನಿವಾರ ಮಧ್ಯಾಹ್ನ ಚರ್ಚಿನಲ್ಲಿ ಹಿರಿಯರ ಸಭೆ. ಲೆಮೆಕಿ ಆ ಪದ ಬಿಡಬೇಕು, ಇಲ್ಲವೇ ಬೆಂಚು ಬಿಡಬೇಕು ಎಂಬುದೇ ವಿಷಯ. ನಾನು ಹೊಟ್ಟೆನೋವು ಎಂದು ಸುಳ್ಳು ಹೇಳಿ, ಕಿಟಕಿಯ ಕೆಳಗೆ ಕಳ್ಳನಂತೆ ಕೂತೆ. ಒಳಗಿನಿಂದ ಅವನ ದನಿ ಕೇಳಿಸಿತು.

“ಬೆಂಚು ನಿಮ್ದು, ಇಟ್ಕೊಳ್ಳಿ. ಹೆಣ ಹೊರೋಕೆ ಬೆಂಚು ಬೇಕಾಗಿಲ್ಲ. ಕರೆದ್ರೆ ಬರ್ತೀನಿ.”

ನನಗೆ ನಾಚಿಕೆಯಾಯಿತು. ನನ್ನ ಮೇಲೇ ಸಿಟ್ಟೂ ಬಂತು. ಎದ್ದು ಬಾಗಿಲಿಗೆ ಹೋದೆ. ಸಾಲಾಗಿ ಬಿಟ್ಟ ಚಪ್ಪಲಿಗಳ ನಡುವೆ ಅವನದು ಇತ್ತು, ಹರಿದ ಪಟ್ಟಿಗೆ ತಂತಿ ಕಟ್ಟಿದ್ದು. ಎತ್ತಿಕೊಂಡು ನಮ್ಮ ಬಿದಿರು ಇದ್ದ ಮರದಡಿಗೆ ನಡೆದೆ.

ಲೆಮೆಕಿ ಹೊರಬಂದು ಮೆಟ್ಟಿಲ ಬುಡದಲ್ಲಿ ಚಪ್ಪಲಿ ಹುಡುಕುತ್ತಿದ್ದಾಗ ನಾನು ಅದರಿಂದಲೇ ಬಿದಿರಿಗೆ ಹೊಡೆದೆ. ಹಾಡು ಬಾರದ ಗಂಟಲಿನಿಂದ ಕೂಗಿದೆ: “ಕುಣೀಬೇಡ ಅಂದ ಹಿರಿಯಪ್ಪಾ!”

ಬಾಗಿಲಲ್ಲಿ ಪಾಸ್ಟರು, ಅವರ ಹಿಂದೆ ಹಿರಿಯರೆಲ್ಲರೂ ನಿಂತು ನನ್ನನ್ನೇ ನೋಡುತ್ತಿದ್ದರು. ನನ್ನ ಬೆಂಚೂ ಹೋಯಿತೆಂದು ಗೊತ್ತಾಯಿತು. ಇನ್ನೂ ಜೋರಾಗಿ ಹೊಡೆದೆ.

“ಕಳ್ಳ ನನ್ಮಗನೇ!” ಎಂದು ಬೈಯುತ್ತಾ, ಹವಳದ ಚೂರುಗಳ ಮೇಲೆ ಥೇಟ್ ಅವನಪ್ಪನ ಹಾಗೆ ಕುಂಟುತ್ತಾ ಲೆಮೆಕಿ ಬಂದ. ಅರ್ಧ ದಾರಿಯಲ್ಲೇ ನಗು ತಡೆಯದೆ ಎರಡನೇ ಸಾಲು ಎತ್ತಿಕೊಂಡ.